ಗಣಿಯೊಳಗಿನ ನೀರು, ಊರಿನ ಬಾವಿ

ನೆಲದಡಿಯ ಕಲ್ಲಿದ್ದಲು ಗಣಿ ಕಲ್ಲಿದ್ದಲಿಗಿಂತ ಮೊದಲು ನೀರನ್ನು ಎದುರಿಸಬೇಕಾಗುತ್ತದೆ. ಕಲ್ಲಿದ್ದಲಿನ ಪದರಗಳ ಮೇಲೂ ಕೆಳಗೂ ಇರುವ ಮರಳುಗಲ್ಲು ಮಳೆನೀರನ್ನು ಹೀರಿ ಶತಮಾನಗಟ್ಟಲೆ ಹಿಡಿದಿಟ್ಟುಕೊಂಡಿರುತ್ತದೆ. ಅದರ ನಡುವೆ ಸುರಂಗ ಕೊರೆದರೆ ಸುತ್ತಲ ನೀರೆಲ್ಲ ಅತ್ತ ಹರಿಯತೊಡಗುತ್ತದೆ. ಗಣಿಯ ತಗ್ಗಿನ ಜಾಗಗಳಲ್ಲಿ ತೋಡಿದ ಸಂಪುಗಳಲ್ಲಿ ಅದನ್ನು ಕೂಡಿಸಿ, ಹಗಲೂ ರಾತ್ರಿ ಪಂಪು ಓಡಿಸಿ, ನೆಲದ ಮೇಲಕ್ಕೆ ಎತ್ತಬೇಕು. ಒಂದು ಟನ್ ಕಲ್ಲಿದ್ದಲು ತೆಗೆಯಲು ಹಲವು ಟನ್ ನೀರು ಎತ್ತಬೇಕಾದ ಗಣಿಗಳೂ ಇವೆ. ಹೀಗೆ ಮೇಲೆ ಬಂದ ನೀರು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ, ಹೊಲಕ್ಕೆ, ನದಿಗೆ ಸೇರುತ್ತದೆ. ಕೆಳಗೆ ಉಳಿದದ್ದು ಕಲ್ಲಿನ ಬಿರುಕುಗಳಲ್ಲಿ ಸಾಗಿ ಊರಿನ ಬಾವಿಯ ಒರತೆಯನ್ನೂ ಮುಟ್ಟಬಹುದು. ಈ ಎರಡು ದಾರಿಗಳಲ್ಲಿ ನೀರಿನ ಗುಣ ಹೇಗೆ ಬದಲಾಗುತ್ತಿದೆ ಎಂದು ವರ್ಷಾನುಗಟ್ಟಲೆ ಅಳೆದು, ಬರೆದು, ಹೋಲಿಸಿ ನೋಡುವ ಕೆಲಸವೇ ಗಣಿ ಸುತ್ತಲಿನ ನೀರಿನ ನಿಗಾ.

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಗಳಿಲ್ಲ. ಆದರೆ ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ ಉರಿಯುವ ಕಲ್ಲಿದ್ದಲಿನ ಒಂದು ಪಾಲು ಪಕ್ಕದ ತೆಲಂಗಾಣದ ಸಿಂಗರೇಣಿ ಗಣಿಗಳಿಂದ ಬರುತ್ತದೆ. ದಕ್ಷಿಣ ಭಾರತದಲ್ಲಿ ಕಲ್ಲಿದ್ದಲು ಎಂದರೆ ಮುಖ್ಯವಾಗಿ ಪ್ರಾಣಹಿತಾ–ಗೋದಾವರಿ ಕಣಿವೆಯ ಈ ಪ್ರದೇಶವೇ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಲಿಯಂ ಕಿಂಗ್ 1871ರಲ್ಲಿ ಯೆಲ್ಲಂದು ಬಳಿ ಇಲ್ಲಿನ ನಿಕ್ಷೇಪವನ್ನು ಗುರುತಿಸಿದರು. ಮುಂದೆ ನಿಜಾಮರ ಕಾಲದಲ್ಲಿ ಗಣಿಗಾರಿಕೆ ಶುರುವಾಯಿತು. ಇಂದು ಸಿಂಗರೇಣಿ ಕಂಪನಿ ತೆಲಂಗಾಣ ಮತ್ತು ಕೇಂದ್ರ ಸರ್ಕಾರಗಳ ಜಂಟಿ ಒಡೆತನದಲ್ಲಿದೆ. ಬೆಲ್ಲಂಪಲ್ಲಿ, ಮಂಚಿರ್ಯಾಲ, ರಾಮಗುಂಡಂ, ಭೂಪಾಲಪಲ್ಲಿ, ಮಣುಗೂರು, ಕೊತ್ತಗೂಡೆಂ ಎಂದು ಸುಮಾರು 350 ಕಿಲೋಮೀಟರ್ ಉದ್ದಕ್ಕೆ ಗಣಿಗಳು ಹಬ್ಬಿವೆ. ತೆರೆದ ಗಣಿಗಳ ಜೊತೆಗೆ ಭೂಗತ ಗಣಿಗಳೂ ಇಲ್ಲಿ ಬಹಳ ಹಿಂದಿನಿಂದ ಇವೆ. ಹೆಚ್ಚಿನವು ನದಿ, ಉಪನದಿಗಳ ಆಸುಪಾಸಿನಲ್ಲೇ ಇರುವುದರಿಂದ ಗಣಿನೀರಿಗೂ ಊರಿನ ನೀರಿಗೂ ಇಲ್ಲಿ ನಂಟು ತಪ್ಪಿದ್ದಲ್ಲ.

ಗಣಿಯೊಳಗೆ ನೀರು ಕೆಡುವ ಬಗೆ ಹಲವು. ಅವುಗಳಲ್ಲಿ ಮೊದಲನೆಯದು ಪೈರೈಟ್‌ನದು. ಇದು ಕಬ್ಬಿಣ ಮತ್ತು ಗಂಧಕ ಕೂಡಿದ, ಹೊಂಬಣ್ಣದಲ್ಲಿ ಹೊಳೆಯುವ ಖನಿಜ. ಕಲ್ಲಿದ್ದಲಿನಲ್ಲೂ ಅದರ ಅಕ್ಕಪಕ್ಕದ ಜೇಡಿಕಲ್ಲಿನಲ್ಲೂ ಇರುತ್ತದೆ. ನೆಲದಾಳದಲ್ಲಿ ಗಾಳಿ ಸೋಕದೆ ಇರುವಷ್ಟು ಕಾಲ ಅದರಿಂದ ತೊಂದರೆಯಿಲ್ಲ. ಗಣಿ ತೋಡಿ ಗಾಳಿ, ತೇವ ಎರಡೂ ತಗುಲಿದಾಗ ಪೈರೈಟ್ ಒಡೆದು ಗಂಧಕಾಮ್ಲ ಹುಟ್ಟುತ್ತದೆ, ಕಬ್ಬಿಣ ನೀರಿನಲ್ಲಿ ಕರಗುತ್ತದೆ. ಆಮ್ಲದಲ್ಲೇ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ಈ ಕ್ರಿಯೆಯನ್ನು ಬಹಳ ಪಟ್ಟು ಚುರುಕುಗೊಳಿಸುತ್ತವೆ. ಹೀಗೆ ಹುಟ್ಟಿದ ಆಮ್ಲ ತಾನು ಹರಿಯುವ ಕಲ್ಲಿನಿಂದ ಮ್ಯಾಂಗನೀಸ್, ಅಲ್ಯೂಮಿನಿಯಂ, ಸತು, ನಿಕ್ಕಲ್‌ಗಳನ್ನೂ ಕರಗಿಸಿಕೊಂಡು ಬರುತ್ತದೆ. ಆಳದಿಂದ ಆಗಷ್ಟೇ ಎತ್ತಿದ ಇಂಥ ನೀರು ಎಷ್ಟೋ ಸಲ ತಿಳಿಯಾಗಿಯೇ ಕಾಣುತ್ತದೆ. ಗಾಳಿಗೆ ಒಡ್ಡಿಕೊಂಡ ಮೇಲೆ ಕರಗಿದ್ದ ಕಬ್ಬಿಣ ತುಕ್ಕಿನ ಬಣ್ಣದ ಕೆಸರಾಗಿ ಕೂತು, ಹಳ್ಳದ ಕಲ್ಲುಗಳ ಮೇಲೆಲ್ಲ ಕಿತ್ತಳೆ ಬಣ್ಣದ ಪದರ ಕಟ್ಟುತ್ತದೆ.

ಭಾರತದ ಎಲ್ಲ ಕಲ್ಲಿದ್ದಲೂ ಈ ವಿಷಯದಲ್ಲಿ ಒಂದೇ ಥರ ಇಲ್ಲ. ಗೋದಾವರಿ ಕಣಿವೆಯದೂ ಪೂರ್ವ ಭಾರತದ ಝರಿಯಾ, ರಾಣಿಗಂಜ್‌ಗಳದೂ ಗೊಂಡ್ವಾನಾ ಎಂದು ಕರೆಯುವ ಬಹು ಪುರಾತನ ಕಾಲದ ಕಲ್ಲಿದ್ದಲು. ಅದರಲ್ಲಿ ಗಂಧಕ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ. ಅಸ್ಸಾಂ, ಮೇಘಾಲಯಗಳ ಕಲ್ಲಿದ್ದಲು ಅದಕ್ಕಿಂತ ಬಹಳ ಈಚಿನದು, ಗಂಧಕವೂ ಅದರಲ್ಲಿ ಹಲವು ಪಟ್ಟು ಹೆಚ್ಚು. ಮೇಘಾಲಯದ ಜೈಂತಿಯಾ ಬೆಟ್ಟಗಳಲ್ಲಿ ಮನುಷ್ಯ ತೆವಳಿಕೊಂಡು ಹೋಗುವಷ್ಟೇ ಅಗಲದ ‘ಇಲಿಬಿಲ’ ಗಣಿಗಳಿಂದ ಹರಿದ ಆಮ್ಲೀಯ ನೀರು ಅಲ್ಲಿನ ತೊರೆಗಳಲ್ಲಿ ಮೀನಿಲ್ಲದಂತೆ ಮಾಡಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರ ಏಪ್ರಿಲ್‌ನಲ್ಲಿ ಆ ಗಣಿಗಾರಿಕೆಯನ್ನು ನಿಷೇಧಿಸಿದಾಗ ಅದರ ಮುಂದಿದ್ದ ದೂರುಗಳಲ್ಲಿ ನದಿಗಳು ಕೆಟ್ಟ ಕಥೆಯೂ ಇತ್ತು.

ಗೊಂಡ್ವಾನಾ ಗಣಿಗಳ ನೀರಿನ ತೊಂದರೆ ಅಷ್ಟು ಎದ್ದು ಕಾಣುವುದಿಲ್ಲ. ಹಾಗಾಗಿಯೇ ಅದನ್ನು ಕಡೆಗಣಿಸುವುದು ಸುಲಭ. ಅಲ್ಲಿ ಹುಟ್ಟುವ ಅಷ್ಟಿಷ್ಟು ಆಮ್ಲವನ್ನು ಕಲ್ಲಿನಲ್ಲಿರುವ ಸುಣ್ಣದಂಥ ಕಾರ್ಬೊನೇಟ್‌ಗಳು ತಟಸ್ಥಗೊಳಿಸುತ್ತವೆ. ನೀರು ಎಷ್ಟು ಆಮ್ಲೀಯ ಎಂದು ತೋರಿಸುವ ಪಿಎಚ್ ಅಳೆದರೆ 7ರ ಆಸುಪಾಸು ಬರುತ್ತದೆ, ನೀರು ಚೆನ್ನಾಗಿದೆ ಎನಿಸುತ್ತದೆ. ಆದರೆ ಆಮ್ಲ ಹೋದ ಜಾಗದಲ್ಲಿ ಸಲ್ಫೇಟ್ ಉಳಿದಿರುತ್ತದೆ. ಕಾರ್ಬೊನೇಟ್ ಕರಗಿದ್ದರಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿ ನೀರು ಗಡಸಾಗಿರುತ್ತದೆ. ಬೇಳೆ ಬೇಯದ, ಸೋಪು ನೊರೆ ಬಾರದ, ಕುಡಿದರೆ ಬಾಯಿ ಒಗರಾಗುವ ನೀರು ಅದು. ಪಿಎಚ್ ಒಂದನ್ನೇ ನೋಡಿ ಗಣಿನೀರಿಗೆ ಒಳ್ಳೆಯದೆಂಬ ಪ್ರಮಾಣಪತ್ರ ಕೊಡುವುದು ತಪ್ಪು ಎನ್ನುವುದು ಇದಕ್ಕೇ.

ಕಲ್ಲಿನಿಂದ ಬರುವುದರ ಜೊತೆಗೆ ಕೆಲಸದಿಂದ ಬರುವುದೂ ಇದೆ. ಸಿಡಿಮದ್ದಿನಲ್ಲಿರುವ ಅಮೋನಿಯಂ ನೈಟ್ರೇಟ್ ಪೂರ್ತಿ ಉರಿಯದೆ ಉಳಿದರೆ ನೀರಿಗೆ ನೈಟ್ರೇಟ್ ಸೇರುತ್ತದೆ. ಕಲ್ಲಿದ್ದಲಿನ ಉದ್ದ ಗೋಡೆಯನ್ನು ಯಂತ್ರದಿಂದ ಕತ್ತರಿಸುತ್ತಾ ಹೋಗುವ ಲಾಂಗ್‌ವಾಲ್ ಗಣಿಗಳಲ್ಲಿ ಚಾವಣಿಯನ್ನು ಎತ್ತಿ ಹಿಡಿಯುವ ಹೈಡ್ರಾಲಿಕ್ ಆಸರೆಗಳು ಸುಮಾರು 95 ಪಾಲು ನೀರಿಗೆ 5 ಪಾಲು ಎಣ್ಣೆ ಬೆರೆಸಿದ ದ್ರವದಿಂದ ಓಡುತ್ತವೆ. ಅದರ ಸೋರಿಕೆಯೂ ಯಂತ್ರಗಳ ಗ್ರೀಸೂ ಸಂಪಿಗೆ ಬಂದು ಬೀಳುತ್ತವೆ. ಕಲ್ಲಿದ್ದಲಿನ ಪುಡಿಯಂತೂ ಇದ್ದೇ ಇದೆ. ನೂರಾರು ಜನ ಪಾಳಿಯ ಮೇಲೆ ದುಡಿಯುವ ಕಡೆ ಶೌಚದ ವ್ಯವಸ್ಥೆ ಸರಿಯಿಲ್ಲದಿದ್ದರೆ ನೀರಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಕಾಣಿಸಿಕೊಳ್ಳುತ್ತದೆ. ಕಲ್ಲಿದ್ದಲು ತೆಗೆದು ಖಾಲಿಯಾದ ಜಾಗಕ್ಕೆ ಮರಳನ್ನು ನೀರಿನ ಜೊತೆ ಹರಿಸಿ ತುಂಬುವ ಪದ್ಧತಿಯೂ ಇದೆ. ಆ ನೀರು ಸೋಸಿ ಮತ್ತೆ ಸಂಪಿಗೇ ಬರುತ್ತದೆ.

ಗುಣಕ್ಕಿಂತ ಮೊದಲು ಮಟ್ಟದ ಪ್ರಶ್ನೆ ಬರುವುದೂ ಉಂಟು. ಪಂಪು ಓಡಿದಷ್ಟೂ ಗಣಿಯ ಸುತ್ತ ಅಂತರ್ಜಲ ಆಲಿಕೆಯ ಆಕಾರದಲ್ಲಿ ಕುಸಿಯುತ್ತದೆ. ಕಲ್ಲಿದ್ದಲು ತೆಗೆದ ಜಾಗದ ಮೇಲಿನ ನೆಲ ತಗ್ಗಿದರೆ ಬಿರುಕು ಬಿಟ್ಟು, ಹಳ್ಳದ ನೀರು ಒಳಕ್ಕೆ ಇಳಿದುಹೋಗಬಹುದು. ಬಾವಿಯಲ್ಲಿ ನೀರು ಕಡಿಮೆಯಾದಾಗ ಉಳಿದ ನೀರಿನ ಲವಣಾಂಶವೂ ಬದಲಾಗುತ್ತದೆ. ಆದ್ದರಿಂದ ಮಟ್ಟ ಮತ್ತು ಗುಣ ಎರಡನ್ನೂ ಒಟ್ಟಿಗೆ ಬರೆದಿಡದ ದಾಖಲೆಗೆ ಅರ್ಧ ಬೆಲೆಯೇ.

ನಿಗಾದ ಮೊದಲ ಕೆಲಸ ಗಣಿ ಶುರುವಾಗುವ ಮುಂಚೆಯೇ ಆಗಬೇಕು, ಏಕೆಂದರೆ ನೀರು ಕೆಡಲು ಗಣಿಯೊಂದೇ ಕಾರಣವಲ್ಲ. ತೆಲಂಗಾಣದ ಅನೇಕ ಕಡೆ ಗ್ರಾನೈಟ್ ಕಲ್ಲಿನಿಂದಲೇ ಅಂತರ್ಜಲಕ್ಕೆ ಫ್ಲೋರೈಡ್ ಸೇರುತ್ತದೆ. ನಲ್ಗೊಂಡ ಅದಕ್ಕೆ ಹೆಸರಾದ ಜಿಲ್ಲೆ. ಹೊಲಗಳಿಗೆ ಹಾಕಿದ ಗೊಬ್ಬರದಿಂದ ನೈಟ್ರೇಟ್ ಬರುತ್ತದೆ. ಗಣಿ ಬರುವ ಮುಂಚೆ ಬಾವಿಯ ನೀರು ಹೇಗಿತ್ತು ಎಂಬ ದಾಖಲೆ ಇಲ್ಲದಿದ್ದರೆ, ಮುಂದೆ ಎದುರಾಗುವ ದೂರಿಗೆ ಕಂಪನಿ ‘ಇದು ಮೊದಲಿಂದಲೂ ಹೀಗೇ’ ಎನ್ನುತ್ತದೆ, ಊರಿನವರು ‘ಗಣಿಯಿಂದಲೇ ಹೀಗಾಯಿತು’ ಎನ್ನುತ್ತಾರೆ. ಯಾವುದನ್ನೂ ಸಾಧಿಸಿ ತೋರಿಸಲಾಗುವುದಿಲ್ಲ. ಬೇಸಿಗೆ, ಮಳೆಗಾಲ, ಚಳಿಗಾಲ ಮೂರೂ ಸೇರುವಂತೆ ಕಡೇಪಕ್ಷ ಒಂದು ಪೂರ್ತಿ ವರ್ಷದ ಅಳತೆ ಕೈಯಲ್ಲಿರಬೇಕು.

ಎಲ್ಲಿ ಅಳೆಯಬೇಕು ಎಂಬುದಕ್ಕೂ ತರ್ಕವಿದೆ. ಹಳ್ಳದಲ್ಲಿ ಗಣಿನೀರು ಸೇರುವ ಜಾಗಕ್ಕಿಂತ ಮೇಲೊಂದು ಕಡೆ, ಸೇರಿ ಚೆನ್ನಾಗಿ ಬೆರೆತ ಮೇಲೆ ಕೆಳಗೊಂದು ಕಡೆ, ಇನ್ನೂ ದೂರದಲ್ಲಿ ಮತ್ತೊಂದು ಕಡೆ ಮಾದರಿ ತೆಗೆಯಬೇಕು. ಮೇಲಿನದು ಹೋಲಿಕೆಗೆ. ಗಣಿಯೊಳಗಿನ ಸಂಪು, ನೆಲದ ಮೇಲೆ ಕೆಸರು ಇಳಿಯಲು ಕಟ್ಟಿದ ತೊಟ್ಟಿ, ಅದರಿಂದ ಹೊರಬೀಳುವ ಕಾಲುವೆ ಇವು ಮೂರೂ ಬೇರೆ ಬೇರೆಯಾಗಿ ಬರಬೇಕು. ಅಂತರ್ಜಲಕ್ಕೆ ಊರ ಬಾವಿ, ಕೈಪಂಪುಗಳ ಜೊತೆಗೆ ನಿಗಾಕ್ಕೆಂದೇ ಕೊರೆದ ಕೊಳವೆಬಾವಿಗಳು ಬೇಕು. ಪೀಜೋಮೀಟರ್ ಎಂದು ಕರೆಯುವ ಇವುಗಳಲ್ಲಿ ಬೇಕಾದ ಆಳದ ಕಲ್ಲಿನ ಪದರಕ್ಕೆ ಮಾತ್ರ ಬಾಯಿ ಬಿಟ್ಟು ಉಳಿದದ್ದನ್ನು ಮುಚ್ಚಿರುತ್ತಾರೆ. ಮೇಲ್ಪದರದ ನೀರು ಯಾವುದು, ಗಣಿ ಇರುವ ಪದರದ ನೀರು ಯಾವುದು ಎಂದು ಬೇರ್ಪಡಿಸಿ ಹೇಳಲು ಇದೇ ನೇರವಾದ ದಾರಿ.

ಮಾದರಿ ತೆಗೆಯುವುದು ಬಾಟಲಿಗೆ ನೀರು ತುಂಬಿದಷ್ಟು ಸರಳವಲ್ಲ. ಕೊಳವೆಬಾವಿಯ ಪೈಪಿನಲ್ಲಿ ನಿಂತ ನೀರು ಹಳಸಿದ್ದು, ಅದು ಕಲ್ಲಿನೊಳಗಿನ ನೀರನ್ನು ತೋರಿಸುವುದಿಲ್ಲ. ಪೈಪು ಹಿಡಿಯುವ ನೀರಿನ ಸುಮಾರು ಮೂರು ಪಟ್ಟು ಹೊರಗೆ ಹರಿಸಿ, ಪಿಎಚ್, ಉಷ್ಣಾಂಶ, ವಿದ್ಯುತ್ ವಾಹಕತೆಗಳ ಅಂಕಿ ಏರಿಳಿಯದೆ ನಿಂತ ಮೇಲೆ ಬಾಟಲಿ ಹಿಡಿಯಬೇಕು. ಈ ಮೂರನ್ನೂ ನೀರಿನಲ್ಲಿ ಕರಗಿದ ಆಮ್ಲಜನಕವನ್ನೂ ಅಲ್ಲೇ ಅಳೆಯಬೇಕು, ಏಕೆಂದರೆ ದಾರಿಯಲ್ಲೇ ಅವು ಬದಲಾಗಿಬಿಡುತ್ತವೆ. ಅಳೆಯುವ ಮೀಟರನ್ನು ಗೊತ್ತಿರುವ ಪಿಎಚ್‌ನ ದ್ರಾವಣದಲ್ಲಿ ಅದ್ದಿ ಅಂದೇ ಸರಿಹೊಂದಿಸಿರಬೇಕು. ಲೋಹಗಳ ಪರೀಕ್ಷೆಗೆ ತೆಗೆದ ನೀರನ್ನು 0.45 ಮೈಕ್ರಾನ್ ರಂಧ್ರದ ಜಾಲರಿಯಲ್ಲಿ ಸೋಸಿ, ಪಿಎಚ್ 2ಕ್ಕಿಂತ ಕೆಳಗಿಳಿಯುವಂತೆ ಕೆಲವು ಹನಿ ನೈಟ್ರಿಕ್ ಆಮ್ಲ ಬಿಡುತ್ತಾರೆ. ಹಾಗೆ ಮಾಡದಿದ್ದರೆ ಕಬ್ಬಿಣ ಬಾಟಲಿಯ ಗೋಡೆಗೆ ಅಂಟಿಕೊಂಡು, ಪ್ರಯೋಗಾಲಯದ ವರದಿಯಲ್ಲಿ ‘ಕಬ್ಬಿಣ ಇಲ್ಲ’ ಎಂದು ಬರುತ್ತದೆ. ಎಣ್ಣೆಯ ಪರೀಕ್ಷೆಗೆ ಗಾಜಿನ ಬಾಟಲಿಯೇ ಬೇಕು, ಪ್ಲಾಸ್ಟಿಕ್ ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ. ಬ್ಯಾಕ್ಟೀರಿಯಾ ಪರೀಕ್ಷೆಗೆ ಒತ್ತಡದ ಹಬೆಯಲ್ಲಿ ಶುದ್ಧಗೊಳಿಸಿದ ಬಾಟಲಿ. ಎಲ್ಲವನ್ನೂ ಐಸ್ ಡಬ್ಬಿಯಲ್ಲಿಟ್ಟು ಬೇಗ ತಲುಪಿಸಬೇಕು. ಒಂದೇ ಜಾಗದ ಎರಡು ಬಾಟಲಿ, ಶುದ್ಧ ನೀರನ್ನೇ ತುಂಬಿದ ಒಂದು ಬಾಟಲಿ ಜೊತೆಗೆ ಹೋದರೆ ಪ್ರಯೋಗಾಲಯದ ಕೆಲಸವನ್ನೂ ಪರೀಕ್ಷಿಸಿದಂತಾಗುತ್ತದೆ. ಇನ್ನೊಂದು ತಾಳೆಯೂ ಉಂಟು: ನೀರಿನಲ್ಲಿರುವ ಧನ ಅಯಾನುಗಳ ಒಟ್ಟು ಆವೇಶ ಋಣ ಅಯಾನುಗಳ ಆವೇಶಕ್ಕೆ ಸರಿಸಮ ಇರಲೇಬೇಕು. ಎರಡಕ್ಕೂ ಹೆಚ್ಚು ಅಂತರ ಬಂದರೆ ಎಲ್ಲೋ ಅಳತೆ ತಪ್ಪಿದೆ ಎಂದೇ ಅರ್ಥ.

ಬಂದ ಅಂಕಿಗಳನ್ನು ಯಾವುದಕ್ಕೆ ಹೋಲಿಸಬೇಕು? ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಇದೆ. ಅದರಂತೆ ಲೀಟರಿಗೆ ಸಲ್ಫೇಟ್ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದ ಕಡೆ 400ರವರೆಗೆ ಸಹಿಸಬಹುದು. ಕರಗಿದ ಒಟ್ಟು ಲವಣಕ್ಕೆ 500 ಮತ್ತು 2000, ಗಡಸುತನಕ್ಕೆ 200 ಮತ್ತು 600, ಫ್ಲೋರೈಡ್‌ಗೆ 1 ಮತ್ತು 1.5. ಗಣಿಯಿಂದ ಹೊರಬಿಡುವ ನೀರಿನ ನಿಯಮ ಬೇರೆ. ಕಲ್ಲಿದ್ದಲು ಗಣಿಗಳಿಗೆಂದೇ ಕೇಂದ್ರ ಸರ್ಕಾರ 2000ದ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾನದಂಡದಲ್ಲಿ ಪಿಎಚ್ 5.5ರಿಂದ 9ರ ನಡುವೆ, ತೇಲುವ ಕಣ ಲೀಟರಿಗೆ 100 ಮಿಲಿಗ್ರಾಂ, ಎಣ್ಣೆ–ಗ್ರೀಸ್ 10, ನೈಟ್ರೇಟ್ ರೂಪದ ಸಾರಜನಕ 10 ಎಂಬ ಮಿತಿಗಳಿವೆ. ಗಣಿಗಳು ಹದಿನೈದು ದಿನಕ್ಕೊಮ್ಮೆ ಇಂಥ ಕೆಲವೇ ಅಂಶಗಳನ್ನು ನೋಡುತ್ತವೆ, ಉಳಿದವುಗಳ ಪರೀಕ್ಷೆ ಅಪರೂಪಕ್ಕೊಮ್ಮೆ. ಮೇಲೆ ಹೇಳಿದ ನಾಲ್ಕು ಮಿತಿಗಳಲ್ಲಿ ಸಲ್ಫೇಟ್ ಇಲ್ಲ, ಗಡಸುತನವಿಲ್ಲ. ಗೊಂಡ್ವಾನಾ ಗಣಿಗಳ ಮುಖ್ಯ ತೊಂದರೆಯೇ ಆಗಾಗಿನ ಪರೀಕ್ಷೆಯಿಂದ ಹೊರಗುಳಿದಿದೆ. ವಿದ್ಯುತ್ ವಾಹಕತೆಯನ್ನು ಅಳೆಯುವ ಪುಟ್ಟ ಮೀಟರನ್ನು ಕಾಲುವೆಯಲ್ಲೇ ಇಟ್ಟು ತಾಸಿಗೊಮ್ಮೆ ಅಂಕಿ ಬರೆಸಿದರೆ ಲವಣಾಂಶದ ಏರಿಳಿತವನ್ನು ಕಡಿಮೆ ಖರ್ಚಿನಲ್ಲಿ ಹಿಡಿಯಬಹುದು. ಇದನ್ನು ಎಲ್ಲ ಗಣಿಗಳಿಗೂ ಕಡ್ಡಾಯ ಮಾಡುವುದು ಕಷ್ಟದ ಕೆಲಸವೇನಲ್ಲ.

ಲೀಟರಿಗೆ ಎಷ್ಟು ಎಂಬುದರ ಜೊತೆ ಎಷ್ಟು ಲೀಟರ್ ಎಂಬುದೂ ಗೊತ್ತಿರಬೇಕು. ದಿನಕ್ಕೆ 50 ಲಕ್ಷ ಲೀಟರ್ ನೀರು ಬಿಡುವ ಗಣಿಯೊಂದನ್ನು ಊಹಿಸಿಕೊಂಡರೆ, ಅದರಲ್ಲಿ ಲೀಟರಿಗೆ 400 ಮಿಲಿಗ್ರಾಂ ಸಲ್ಫೇಟ್ ಇದ್ದರೆ ದಿನಕ್ಕೆ 2 ಟನ್ ಸಲ್ಫೇಟ್ ಹಳ್ಳ ಸೇರುತ್ತದೆ. ಮಳೆಗಾಲದಲ್ಲಿ ಹಳ್ಳ ತುಂಬಿ ಹರಿಯುವಾಗ ಅದು ತೆಳುವಾಗಿ ಕಾಣದೇ ಹೋಗಬಹುದು. ಏಪ್ರಿಲ್–ಮೇ ತಿಂಗಳಲ್ಲಿ ಅದೇ ಹಳ್ಳದಲ್ಲಿ ಗಣಿನೀರು ಬಿಟ್ಟು ಬೇರೆ ನೀರೇ ಇರುವುದಿಲ್ಲ. ಆದ್ದರಿಂದ ಕಾಲುವೆಗೆ ಅಡ್ಡಲಾಗಿ ‘ವಿ’ ಆಕಾರದ ಕಂಡಿಯಿರುವ ಹಲಗೆ ಕೂರಿಸಿ, ಅದರ ಮೇಲೆ ಹರಿಯುವ ನೀರಿನ ಎತ್ತರದಿಂದ ಹರಿವನ್ನು ಲೆಕ್ಕ ಹಾಕುತ್ತಾರೆ. ಹರಿವಿನ ಲೆಕ್ಕವಿಲ್ಲದ ಗುಣದ ಅಂಕಿ ಓದುಗನನ್ನು ದಾರಿ ತಪ್ಪಿಸುತ್ತದೆ.

ಅಂಕಿಗಳನ್ನು ಕೂಡಿಸಿ ಓದುವಾಗ ಮುನ್ಸೂಚನೆಗಳೂ ಸಿಗುತ್ತವೆ. ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಶಕ್ತಿಗೆ ಕ್ಷಾರೀಯತೆ ಎನ್ನುತ್ತಾರೆ. ಪಿಎಚ್ 7ರಲ್ಲೇ ನಿಂತಿದ್ದು, ಕ್ಷಾರೀಯತೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಸಲ್ಫೇಟ್ ಏರುತ್ತಿದ್ದರೆ, ಕಲ್ಲಿನ ಸುಣ್ಣ ಮುಗಿಯುತ್ತಾ ಬಂದಿದೆ ಎಂದು ತಿಳಿಯಬೇಕು. ಅದು ಪೂರ್ತಿ ತೀರಿದ ಮೇಲೆ ಪಿಎಚ್ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಗಣಿಯೊಳಗೆ ದುಡಿಯುವವರ ಜೀವಕ್ಕೂ ಈ ಓದು ಬೇಕು. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸ್‌ನಾಲಾ ಗಣಿಗೆ ನೀರು ನುಗ್ಗಿ ಸುಮಾರು 375 ಜನ ಸತ್ತರು. ಹಳೆಯ ಗಣಿಗಳಲ್ಲಿ ನಿಂತ ನೀರು, ನದಿಯ ನೀರು, ಮರಳುಗಲ್ಲಿನ ನೀರು ಇವುಗಳ ಲವಣಗಳ ಹೊಂದಿಕೆ ಬೇರೆ ಬೇರೆ. ಸುರಂಗದ ಗೋಡೆಯಲ್ಲಿ ಹೊಸದಾಗಿ ಜಿನುಗುವ ನೀರನ್ನು ಪರೀಕ್ಷಿಸಿದರೆ ಅದು ಎಲ್ಲಿಂದ ಬರುತ್ತಿದೆ ಎಂಬ ಸುಳಿವು ಸಿಗುತ್ತದೆ.

ನೀರಿನ ಗುಣಕ್ಕೆ ಅದರಲ್ಲಿ ಬದುಕುವ ಹುಳುಹುಪ್ಪಟೆಯೂ ಸಾಕ್ಷಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಕ್ಲಾರೆನ್ಸ್ ಎಂಬ ಭೂಗತ ಕಲ್ಲಿದ್ದಲು ಗಣಿಯ ನೀರು ವಿಶ್ವ ಪರಂಪರೆಯ ಬ್ಲೂ ಮೌಂಟನ್ಸ್ ಕಾಡಿನೊಳಗೆ ಹರಿಯುವ ವೊಲ್ಲಾಂಗಾಂಬೆ ನದಿಗೆ ಸೇರುತ್ತದೆ. ಪರವಾನಗಿಯಂತೆಯೇ ನೀರು ಬಿಡಲಾಗುತ್ತಿತ್ತು. ಆದರೂ ಸಿಡ್ನಿಯ ವಿಶ್ವವಿದ್ಯಾಲಯವೊಂದರ ಸಂಶೋಧಕರು ಕಲ್ಲುಗಳ ಅಡಿಯ ಕೀಟಗಳನ್ನು ಎಣಿಸಿ ನೋಡಿದಾಗ, ಗಣಿನೀರು ಸೇರುವ ಜಾಗದ ಮೇಲೆ ಸಮೃದ್ಧವಾಗಿದ್ದ ಮೇಫ್ಲೈಯಂಥ ಸೂಕ್ಷ್ಮ ಜಾತಿಗಳು ಕೆಳಗೆ ತೀರಾ ಕಡಿಮೆಯಾಗಿದ್ದವು. ನೀರಿನಲ್ಲಿ ಸತು, ನಿಕ್ಕಲ್ ಹೆಚ್ಚಿದ್ದವು. ಅಲ್ಲಿನ ಪರಿಸರ ಪ್ರಾಧಿಕಾರ ಆಮೇಲೆ ಪರವಾನಗಿಯ ಮಿತಿಗಳನ್ನೇ ಬಿಗಿಗೊಳಿಸಿತು. ನಿಯಮ ಪಾಲಿಸಿದ ಮಾತ್ರಕ್ಕೆ ನದಿ ಚೆನ್ನಾಗಿದೆ ಎಂದಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ಹಳ್ಳದ ಕಲ್ಲು ಎತ್ತಿ ಹುಳ ಎಣಿಸುವ ಪರೀಕ್ಷೆಗೆ ದುಬಾರಿ ಯಂತ್ರ ಬೇಕಿಲ್ಲ, ಕಾಲೇಜು ವಿದ್ಯಾರ್ಥಿಗಳೂ ಕಲಿತು ಮಾಡಬಹುದು. ಭಾರತದ ಗಣಿ ಪ್ರದೇಶಗಳಲ್ಲಿ ಅದು ಇನ್ನೂ ವಾಡಿಕೆಯಾಗಬೇಕಿದೆ.

ಗಣಿನೀರೆಂದರೆ ಕೆಟ್ಟದ್ದೇ ಎಂದೇನಿಲ್ಲ. ಗೊಂಡ್ವಾನಾ ಗಣಿಗಳ ನೀರನ್ನು ಕೆಸರು ಇಳಿಸಿ, ಸೋಸಿ ದೂಳು ಅಡಗಿಸಲು, ಹೊಲಗಳಿಗೆ, ಗಣಿ ವಸತಿಗಳಿಗೆ ಕೊಡುತ್ತಾರೆ. ನಾಗಪುರ ಬಳಿಯ ಪಾಟನ್‌ಸಾವಂಗಿ ಗಣಿಯ ನೀರನ್ನು ಆರ್‌ಒ ಘಟಕದಲ್ಲಿ ಶುದ್ಧೀಕರಿಸಿ ‘ಕೋಲ್ ನೀರ್’ ಎಂಬ ಹೆಸರಿನಲ್ಲಿ ಬಾಟಲಿಗೂ ತುಂಬಿಸಿದ್ದಾರೆ. ಬರದ ಸೀಮೆಗೆ ಇದು ದೊಡ್ಡ ಆಸ್ತಿ. ಆದರೆ ಹೊಲಕ್ಕೆ ಬಿಡುವ ಮುಂಚೆ ಸೋಡಿಯಂನ ಪ್ರಮಾಣ ನೋಡಲೇಬೇಕು. ಅದು ಹೆಚ್ಚಿರುವ ನೀರು ಎರೆಮಣ್ಣನ್ನು ಗಟ್ಟಿಗಟ್ಟಿಸಿ, ನೀರು ಇಂಗದಂತೆ ಮಾಡುತ್ತದೆ.

ಪರಿಸರ ಅನುಮತಿ ಪಡೆದ ಗಣಿಗಳು ಅಂತರ್ಜಲದ ಮಟ್ಟವನ್ನು ಮೇ, ಆಗಸ್ಟ್, ನವೆಂಬರ್, ಜನವರಿ ತಿಂಗಳುಗಳಲ್ಲಿ ಅಳೆಯಬೇಕು, ಗುಣವನ್ನು ಮೇ ತಿಂಗಳಲ್ಲಿ ನೋಡಬೇಕು ಎಂಬುದು ಸಾಮಾನ್ಯವಾಗಿ ವಿಧಿಸುವ ಷರತ್ತು. ಆರು ತಿಂಗಳಿಗೊಮ್ಮೆ, ಜೂನ್ 1 ಮತ್ತು ಡಿಸೆಂಬರ್ 1ರ ಹೊತ್ತಿಗೆ, ಷರತ್ತುಗಳ ಪಾಲನೆಯ ವರದಿ ಸಲ್ಲಿಸಬೇಕು. ಗುಣದ ಪರೀಕ್ಷೆ ವರ್ಷಕ್ಕೊಮ್ಮೆ ಎನ್ನುವುದು ತೀರಾ ಕಡಿಮೆಯಾಯಿತು. ಮಳೆ ಬಿದ್ದ ಮೇಲೆ ಬಿರುಕುಗಳಲ್ಲಿ ಇಳಿದ ನೀರು ಏನನ್ನು ತೊಳೆದು ತಂದಿತು ಎಂಬುದು ಮೇ ತಿಂಗಳ ಬಾಟಲಿಯಲ್ಲಿ ಕಾಣುವುದಿಲ್ಲ.

ಗಣಿ ಮುಚ್ಚಿದಾಗ ನಿಗಾದ ಅತಿ ಮುಖ್ಯ ಘಟ್ಟ ಶುರುವಾಗುತ್ತದೆ. ಪಂಪು ನಿಲ್ಲಿಸಿದ ಮೇಲೆ ನೀರು ನಿಧಾನವಾಗಿ ಏರುತ್ತಾ ಹಳೆಯ ಸುರಂಗಗಳ ಗೋಡೆಯಲ್ಲಿ ಒಣಗಿ ಕೂತಿದ್ದ ಗಂಧಕ, ಕಬ್ಬಿಣದ ಲವಣಗಳನ್ನು ಒಮ್ಮೆಗೇ ಕರಗಿಸಿಕೊಳ್ಳುತ್ತದೆ. ಮೊದಲು ಹೊರಬರುವ ನೀರೇ ಅತಿ ಕೆಟ್ಟದ್ದು. ಆಮೇಲೆ ದಶಕಗಳ ಕಾಲ ಅದು ಸ್ವಲ್ಪಸ್ವಲ್ಪವೇ ತಿಳಿಯಾಗುತ್ತದೆ. ಇಂಗ್ಲೆಂಡಿನ ಡರ್ಹಮ್ ಸೀಮೆಯ ಕರಾವಳಿಯಲ್ಲಿ 1990ರ ದಶಕದ ಆರಂಭದಲ್ಲಿ ಗಣಿಗಳು ಮುಚ್ಚಿ ಪಂಪುಗಳು ನಿಂತವು. ನೀರು ಏರುತ್ತಾ, ಜನರಿಗೆ ಕುಡಿಯುವ ನೀರು ಕೊಡುವ ಸುಣ್ಣಕಲ್ಲಿನ ಪದರದತ್ತ ಬರುತ್ತಿರುವುದು ನಿಗಾ ಕೊಳವೆಬಾವಿಗಳಲ್ಲಿ ಕಂಡಿತು. ಹಾರ್ಡನ್, ಡಾಡನ್ ಎಂಬಲ್ಲಿ ಮತ್ತೆ ಪಂಪು ಹೂಡಿ, ನೀರನ್ನು ಶುದ್ಧೀಕರಿಸಿ ಹೊರಬಿಡುವ ಘಟಕಗಳನ್ನು ಕಟ್ಟಿದರು. ಅವು ಇಂದಿಗೂ ಓಡುತ್ತಿವೆ. ಆ ದೇಶದಲ್ಲಿ ಹಳೆಯ ಗಣಿಗಳ ಹೊಣೆ ಹೊತ್ತ ಸರ್ಕಾರಿ ಸಂಸ್ಥೆ ಇಂಥ ಹತ್ತಾರು ಘಟಕಗಳನ್ನು ನಡೆಸುತ್ತದೆ. ಕೊಳವೆಬಾವಿಗಳ ದಾಖಲೆ ಇರದಿದ್ದರೆ ಅಪಾಯ ಗೊತ್ತಾಗುತ್ತಿದ್ದುದು ನಲ್ಲಿಯಲ್ಲಿ ತುಕ್ಕಿನ ನೀರು ಬಂದ ಮೇಲೆಯೇ.

ಭಾರತದಲ್ಲಿ ಕಲ್ಲಿದ್ದಲು ಸಚಿವಾಲಯ 2009ರಲ್ಲಿ ಗಣಿ ಮುಚ್ಚುವ ಯೋಜನೆಗೆ ಮಾರ್ಗಸೂಚಿ ತಂದು, ಅದಕ್ಕೆ ಬೇಕಾದ ಹಣವನ್ನು ಗಣಿ ನಡೆಯುವಾಗಲೇ ಪ್ರತ್ಯೇಕ ಖಾತೆಯಲ್ಲಿ ಇಡುವಂತೆ ಮಾಡಿತು. ಆ ಹಣದಲ್ಲಿ ಒಂದು ಪಾಲು ಮುಂದಿನ ದಶಕಗಳ ನೀರಿನ ನಿಗಾಕ್ಕೆಂದೇ ಮೀಸಲಾಗಬೇಕು. ಮುಚ್ಚಿದ ಗಣಿಯ ಪೀಜೋಮೀಟರ್‌ಗಳಿಗೆ ಬೀಗ ಹಾಕಿ ಕಾಪಾಡಬೇಕು. ಆರು ತಿಂಗಳ ವರದಿಗಳು ಬಹುಪಾಲು ಇಂಗ್ಲಿಷಿನಲ್ಲಿ, ಕಂಪ್ಯೂಟರಿನಲ್ಲಿ ಹುಡುಕಿ ತೆಗೆಯಬೇಕಾದ ಕಡತಗಳಾಗಿಯೇ ಉಳಿದಿವೆ. ಆ ನೀರು ಕುಡಿಯುವ ಊರಿನ ಪಂಚಾಯಿತಿ ಕಟ್ಟಡದ ಗೋಡೆಯ ಮೇಲೆ, ಊರಿನ ಭಾಷೆಯಲ್ಲಿ, ಪ್ರತಿ ಬಾವಿಯ ಹೆಸರಿನ ಮುಂದೆ ಈ ಸಲದ ಅಂಕಿ, ಹೋದ ಸಲದ ಅಂಕಿ, ಗಣಿ ಬರುವ ಮುಂಚಿನ ಅಂಕಿ ಮೂರನ್ನೂ ಗಣಿ ಕಂಪನಿಗಳು ಬರೆಸಬೇಕು, ಮಾಲಿನ್ಯ ನಿಯಂತ್ರಣ ಮಂಡಳಿಗಳು ಅದನ್ನು ಪರವಾನಗಿಯ ಷರತ್ತಾಗಿ ಮಾಡಬೇಕು.